ಹಾಡು ಎದ್ದು ನಿಂತರೆ ತಪ್ಪೇನು?

ಒಳ್ಳೆಯ ಹಾಡನ್ನು ಕುಳಿತು ಕೇಳಬೇಕು, ಎದ್ದು ಕುಣಿಯುವಂತೆ ಮಾಡುವ ಹಾಡು ಒಳ್ಳೆಯದಾಗಿರಲಾರದು ಎಂಬ ಒಂದು ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಇದನ್ನು ಯಾರೂ ಬಾಯಿಬಿಟ್ಟು ಹೀಗೆಂದು ಹೇಳುವುದಿಲ್ಲ. ಆದರೆ ನಾವು ಹಾಡುಗಳಿಗೆ ಕಟ್ಟುವ ಬೆಲೆಯಲ್ಲಿ, ಅವುಗಳ ಬಗೆಗೆ ಆಡುವ ಮಾತಿನಲ್ಲಿ ಅದು ತಾನಾಗಿ ಹೊರಬೀಳುತ್ತದೆ. ನಿಧಾನವಾದ ಹಾಡನ್ನು ಗಂಭೀರವೆನ್ನುತ್ತೇವೆ. ವೇಗದ ಹಾಡನ್ನು ಹಗುರವೆನ್ನುತ್ತೇವೆ. ಕಣ್ಣು ಮುಚ್ಚಿ ತಲೆದೂಗಿದವನು ರಸಿಕ, ಕಾಲು ಕುಣಿಸಿದವನು ಪಡ್ಡೆಹುಡುಗ. ತಲೆಗೂ ಕಾಲಿಗೂ ನಡುವೆ ಇಂಥ ಜಾತಿಭೇದವನ್ನು ಯಾವ ಶಾಸ್ತ್ರಕಾರ ವಿಧಿಸಿದನೋ ನಾನರಿಯೆ. ನಾನು ಓದಿದ ಮಟ್ಟಿಗೆ ನಮ್ಮ ಅಲಂಕಾರಶಾಸ್ತ್ರವಂತೂ ಹಾಗೆ ವಿಧಿಸಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಲು ನಾನು ಆರಿಸಿಕೊಂಡಿರುವುದು ಒಂದು ಚೊಚ್ಚಲ ಗೀತಸಂಪುಟವನ್ನು. ಇಂದಿನ ತರುಣರು ಆಲ್ಬಂ ಎಂದು ಕರೆಯುವಂಥದನ್ನು. 2008ರಲ್ಲಿ ಹೊರಬಂದ ಅದರ ಕರ್ತೃಗಳು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮತ್ತು ಅವರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡ. ಪ್ರಕಟವಾಗಿ ಒಂದೂವರೆ ದಶಕಕ್ಕೂ ಮಿಗಿಲಾಗಿರುವ ಕೃತಿಯನ್ನು ಈಗೇಕೆ ಎತ್ತಿಕೊಂಡೆ ಎಂದು ವಾಚಕರು ಕೇಳಬಹುದು. ಹೊಸ ಪುಸ್ತಕದ ಬಗೆಗೆ ಕೂಡಲೆ ಬರೆದ ವಿಮರ್ಶೆಯಲ್ಲಿ ಪುಸ್ತಕಕ್ಕಿಂತ ಅದರ ಸದ್ದೇ ಹೆಚ್ಚಾಗಿ ಕೇಳಿಸುವುದುಂಟು. ಸದ್ದು ಅಡಗಿದ ಮೇಲೂ ಉಳಿದಿರುವುದೇನು ಎಂದು ನೋಡುವುದಕ್ಕೆ ಇದು ತಕ್ಕ ಸಮಯ. ಮೇಲಾಗಿ, ನನ್ನನ್ನು ಈ ವಿಚಾರಕ್ಕೆ ತಳ್ಳಿದ ಘಟನೆಯೊಂದು ನಮ್ಮ ತೆಂಗಿನ ಸೀಮೆಯಲ್ಲಿಯೇ ನಡೆಯಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವಣ ಒಂದು ಕಾಲೇಜಿನಲ್ಲಿ ಹಾಡಿನ ಸ್ಪರ್ಧೆ ಏರ್ಪಟ್ಟಿತ್ತು. ನಾನು ಸಭಿಕರಲ್ಲೊಬ್ಬನಾಗಿ ಹಿಂದಿನ ಸಾಲಿನಲ್ಲಿದ್ದೆ. ನಾಲ್ವರು ಹುಡುಗರು ಶಿಶುನಾಳ ಷರೀಫರ ತತ್ವಪದವೊಂದನ್ನು ಗಿಟಾರು, ತಮಟೆಗಳೊಡನೆ ಹಾಡಿದರು. ಧಾಟಿ ಈ ಗೀತಸಂಪುಟದ್ದು. ತಮಟೆಯ ಗತ್ತು ಮಾತ್ರ ನಮ್ಮ ಜಾತ್ರೆಯದು. ಸಭೆಯ ಅರ್ಧಭಾಗ ಎದ್ದು ನಿಂತಿತು. ತೀರ್ಪುಗಾರರು ಫಲಿತಾಂಶ ಹೇಳುವಾಗ, ಆ ಹಾಡಿನಲ್ಲಿ ಅಬ್ಬರ ಹೆಚ್ಚಾಯಿತು, ಭಾವ ಕಡಿಮೆಯಾಯಿತು ಎಂದು ತಿಳಿಯಹೇಳಿದರು. ಅದು ಅವರ ಅಭಿಪ್ರಾಯ, ತೀರ್ಪುಗಾರರಿಗೆ ಅಭಿಪ್ರಾಯವಿರಬೇಕಾದದ್ದೇ. ಆದರೆ ಹೊರಗೆ ಬಂದಾಗ ತಮಟೆ ಬಾರಿಸಿದ ಹುಡುಗ ನನ್ನನ್ನು ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಸಾರ್, ನಮ್ಮಪ್ಪ ಜಾತ್ರೇಲಿ ಬಾರಿಸಿದ್ರೆ ದೇವರ ಕೆಲಸ ಅಂತಾರೆ. ಅದನ್ನೇ ನಾನು ಇಲ್ಲಿ ಬಾರಿಸಿದ್ರೆ ಅಬ್ಬರ ಅಂತಾರಲ್ಲ, ಯಾಕೆ?”

ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಅದು ಸಂಗೀತದ ಪ್ರಶ್ನೆಯಷ್ಟೇ ಅಲ್ಲ. ಚರ್ಮವಾದ್ಯವನ್ನು ಹಿಡಿದ ಕೈಗಳನ್ನು ದೂರವಿಟ್ಟ ಸಮಾಜ ಆ ವಾದ್ಯದ ನಾದವನ್ನೂ ದೂರವಿಟ್ಟಿತು. ದೇವರ ಮುಂದೆ ಬೇಕು, ಪಡಸಾಲೆಯಲ್ಲಿ ಬೇಡ ಎಂದಿತು. ಕಾಲ ಸರಿದಂತೆ ಕಾರಣ ಮರೆತುಹೋಗಿ ರುಚಿ ಮಾತ್ರ ಉಳಿಯಿತು. ಇಂದು ನಾವು ಅಭಿರುಚಿಯೆಂದು ಕರೆಯುವುದರಲ್ಲಿ ಎಷ್ಟು ಭಾಗ ಕಿವಿಯದು, ಎಷ್ಟು ಭಾಗ ಊರಿನ ಕೇರಿಗಳ ವಿಂಗಡಣೆಯದು ಎಂಬುದನ್ನು ಪ್ರತಿಯೊಬ್ಬರೂ ತಮ್ಮೊಳಗೆ ಕೇಳಿಕೊಳ್ಳಬೇಕಾಗಿದೆ.

ಇಂಥ ವಾದ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಭೂಗೋಳದ ಮತ್ತೊಂದು ಬದಿಯಲ್ಲಿ, ನಮ್ಮ ಸೀಮೆಯಂತೆಯೇ ತೆಂಗು ಬೆಳೆಯುವ ಕ್ಯೂಬಾ ಮತ್ತು ಪೋರ್ಟೊರಿಕೊ ದ್ವೀಪಗಳ ಸಂಗೀತದ ಕಥೆಯೂ ಇದೇ. ಸ್ಪೇನಿನವರು ಅಲ್ಲಿಗೆ ಗಿಟಾರನ್ನೂ ಹಾಡಿನ ಛಂದಸ್ಸನ್ನೂ ತಂದರು. ಗುಲಾಮರಾಗಿ ಹಡಗೇರಿ ಬಂದ ಆಫ್ರಿಕದ ಜನ ಬೇರೇನನ್ನೂ ತರಲಾರದೆ ತಮ್ಮ ಲಯವನ್ನು ಮೈಯಲ್ಲಿ ಹೊತ್ತು ತಂದರು. ಆ ಮದ್ದಳೆಗಳ ಸದ್ದನ್ನು ಅಲ್ಲಿನ ಮೇಲುವರ್ಗ ಬಹುಕಾಲ ಅಸಭ್ಯವೆಂದೇ ತಿಳಿದಿತ್ತು. ಆದರೂ ಗಿಟಾರು ಮದ್ದಳೆಗಳು ಕೂಡಿದವು. ‘ಸೋನ್’ ಎಂಬ ಹಾಡಿನ ಬಗೆ ಹುಟ್ಟಿತು. ಗಟ್ಟಿಮರದ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ ಐದು ಪೆಟ್ಟುಗಳ ಒಂದು ಆವರ್ತ ಹಾಕುತ್ತಾರೆ. ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಇದಕ್ಕೆ ‘ಕ್ಲಾವೆ’ ಎಂದು ಹೆಸರು. ಹಾಡುಗಾರ, ಕಹಳೆಯವನು, ಮದ್ದಳೆಯವನು ಎಲ್ಲರೂ ಈ ಐದು ಪೆಟ್ಟುಗಳ ಆಣತಿಗೆ ಒಳಪಟ್ಟವರು. ಹೊರಗಿನವರಿಗೆ ಬರಿಯ ಗದ್ದಲವೆಂದು ತೋರುವುದರ ಒಳಗೆ ನಮ್ಮ ತಾಳದಷ್ಟೇ ಕಟ್ಟುನಿಟ್ಟಾದ ಒಂದು ಶಾಸನವಿದೆ.

ಈ ಸಂಗೀತ ವಲಸೆಗಾರರೊಡನೆ ನ್ಯೂಯಾರ್ಕ್ ನಗರದ ಬಡಬೀದಿಗಳನ್ನು ಸೇರಿ, ಅಲ್ಲಿ ಬೇರೆಬೇರೆ ರಾಗಗಳ ಸಹವಾಸಕ್ಕೆ ಬಿದ್ದು ‘ಸಾಲ್ಸಾ’ ಎಂಬ ಹೆಸರು ಪಡೆಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಸಾಲ್ಸಾ ಎಂದರೆ ನಮ್ಮ ಗೊಜ್ಜಿನಂಥ ಒಂದು ವ್ಯಂಜನ. ಹುಳಿ, ಖಾರ, ಉಪ್ಪು ಒಂದರೊಡನೊಂದು ಬೆರೆತು ಯಾವುದೂ ತನ್ನ ಗುಣ ಬಿಡದ ಆ ಪಾಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುತ್ತಿರಲಿಲ್ಲ. ಜಾನಿ ಪಚೆಕೊ ಎಂಬ ವಾದ್ಯಗಾರ ಮತ್ತು ಜೆರಿ ಮಸುಚಿ ಎಂಬ ವಕೀಲ 1964ರಲ್ಲಿ ಸ್ಥಾಪಿಸಿದ ಫಾನಿಯಾ ಎಂಬ ಧ್ವನಿಮುದ್ರಣ ಸಂಸ್ಥೆ ಈ ಹಾಡುಗಳ ತವರಾಯಿತು. 1967ರಲ್ಲಿ ಅದು ವಿಲ್ಲಿ ಕೊಲೊನ್ ಎಂಬ ಹದಿನೇಳರ ಹುಡುಗನ ಚೊಚ್ಚಲ ಸಂಪುಟವನ್ನು ಹೊರತಂದಿತು. ‘ಎಲ್ ಮಾಲೊ’ ಎಂದು ಅದರ ಹೆಸರು. ಕೆಟ್ಟವನು, ಪೋಕರಿ ಎಂದು ಅರ್ಥ. ಹುಡುಗನ ಟ್ರೊಂಬೋನ್ ಒರಟು, ಹದವಿಲ್ಲ ಎಂದು ಪಳಗಿದ ವಾದ್ಯಗಾರರು ಮೂಗು ಮುರಿದರು. ಆದರೆ ಆ ಒರಟುತನದಲ್ಲಿ ವಲಸೆಗಾರರ ಬೀದಿಯ ಮಕ್ಕಳು ತಮ್ಮ ದನಿಯನ್ನೇ ಕೇಳಿದರು. ಕೊಲೊನ್ ಮತ್ತು ಅವನ ಹಾಡುಗಾರ ಎಕ್ತೊರ್ ಲಾವೊ ಇಬ್ಬರೂ ಆ ಸಂಗೀತದ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಾದರು. ಚೊಚ್ಚಲ ಕೃತಿಯ ಹುರುಪನ್ನು ಹದಗೇಡಿತನವೆಂದು ತಳ್ಳಿಹಾಕುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಈಗ ನಮ್ಮ ಗೀತಸಂಪುಟಕ್ಕೆ ಬರೋಣ. ಅದರ ಕರ್ತೃವಿನ ಪೂರ್ವವೃತ್ತಾಂತ ಸ್ವಾರಸ್ಯವಾದದ್ದು. ರಘು ದೀಕ್ಷಿತರು ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು. ಗಿಟಾರು ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ, ಸಹಪಾಠಿಯೊಬ್ಬನೊಡನೆ ಹೂಡಿದ ಪಂಥದಿಂದ. ಬೆಲ್ಜಿಯಂ ದೇಶದಲ್ಲಿ ಕೆಲಕಾಲ ಕೆಲಸ ಮಾಡಿ, ಅದನ್ನು ಬಿಟ್ಟು ಹಾಡಿಗೆ ಮರಳಿದರು. ಮೊದಲು ‘ಅಂತರಾಗ್ನಿ’ ಎಂಬ ತಂಡ, ಆಮೇಲೆ ಈಗಿನ ತಂಡ. ಚಲನಚಿತ್ರದ್ದಲ್ಲದ ಹಾಡನ್ನು ಅಚ್ಚುಹಾಕಿಸಲು ಧ್ವನಿಮುದ್ರಣ ಸಂಸ್ಥೆಗಳು ಹಿಂಜರಿದುದರಿಂದ ಬಹುವರ್ಷ ಅಲೆದಾಟವಾಯಿತು. ಕೊನೆಗೆ ಮುಂಬಯಿಯ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಸಂಸ್ಥೆಯಿಂದ ಅದನ್ನು ಪ್ರಕಟಿಸಿದರು. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಹಾಡುವ ಈ ಗಾಯಕನ ವೇಷವೇ ಒಂದು ಗೊಜ್ಜು ಎನ್ನಬಹುದು. ಆದರೆ ಗೆಜ್ಜೆ ಕಟ್ಟಿದ ಕಾಲು ತಾಳ ಬಲ್ಲ ಕಾಲು ಎಂಬುದನ್ನು ಮರೆಯಬಾರದು.

ಸಂಪುಟದಲ್ಲಿ ಎಂಟು ಹಾಡುಗಳಿವೆ. ಅವುಗಳಲ್ಲಿ ಕನ್ನಡದವು ಎರಡು; ಎರಡೂ ಷರೀಫರವು: ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೊ’. ಉಳಿದವು ಬಹುಪಾಲು ಹಿಂದಿಯವು. ಕನ್ನಡದ ಗಾಯಕ ಹಿಂದಿಯಲ್ಲೇಕೆ ಹಾಡಬೇಕು ಎಂಬ ಆಕ್ಷೇಪಣೆ ಸಹಜ. ನನಗೂ ಎಣಿಕೆ ತಿರುವುಮುರುವಾಗಿದ್ದರೆ ಚೆನ್ನಾಗಿತ್ತೆನಿಸುತ್ತದೆ. ಆದರೆ ಆ ಹಿಂದಿ ಹಾಡುಗಳ ನಡುವೆ ಕುಳಿತು ಈ ಎರಡು ಕನ್ನಡ ಪದಗಳು ಕನ್ನಡ ತಿಳಿಯದ ಊರುಗಳನ್ನು ಸೇರಿದುವು. ಸಂತೆಯ ಗಾಡಿಯಲ್ಲಿ ಬೇರೆಯವರ ಮೂಟೆಗಳೊಡನೆ ನಮ್ಮ ಎರಡು ಮೂಟೆಗಳೂ ಹೋಗಿ ಮಾರಾಟವಾದರೆ ಗಾಡಿಯವನ ಮೇಲೆ ಕೋಪಿಸಿಕೊಳ್ಳುವುದು ತರವಲ್ಲ.

ಷರೀಫರ ಪದಗಳನ್ನು ಹೀಗೆ ಹಾಡಬಹುದೆ ಎಂಬುದೇ ಮುಖ್ಯ ಪ್ರಶ್ನೆ. ಷರೀಫರು (1819–1889) ಶಿಶುನಾಳದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಕಂಡದ್ದನ್ನೆಲ್ಲ ಪದ ಕಟ್ಟಿದವರು. ಸೋರುವ ಮಾಳಿಗೆ, ಹೊಗೆ ಸೇದುವ ಗುಡುಗುಡಿ ಮುಂತಾದ ದಿನಬಳಕೆಯ ವಸ್ತುಗಳಲ್ಲಿ ಅವರು ಪರಮಾರ್ಥವನ್ನಿಟ್ಟರು. ಅವರ ಕಾಲದ ಧಾಟಿಗಳನ್ನು ಹಿಡಿದಿಡಲು ಯಂತ್ರವಿರಲಿಲ್ಲ. ಆ ಪದಗಳು ಭಜನೆಯ ಮೇಳಗಳಲ್ಲಿ, ಏಕತಾರಿಯವರ ಬಾಯಲ್ಲಿ, ಊರಿಗೊಂದು ಬಗೆಯಾಗಿ ಉಳಿದು ಬಂದವು. ಇಂದು ನಾವು ಷರೀಫರ ಮೂಲ ಧಾಟಿಯೆಂದು ನಂಬಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥರ ಧಾಟಿ. ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಷರೀಫ’ ಚಿತ್ರದ ಮೂಲಕ ಅದು ಮನೆಮನೆಗೆ ಮುಟ್ಟಿತು. ಅಶ್ವತ್ಥರು ಕೊಟ್ಟ ಕಾಣಿಕೆ ದೊಡ್ಡದು. ಅವರ ಕಂಠದಲ್ಲಿ ಇದ್ದ ಕಸುವು ಕುಳಿತು ಕೇಳುವ ಕಸುವಲ್ಲ ಎಂಬುದನ್ನು ಅವರನ್ನು ಪ್ರತ್ಯಕ್ಷ ಕೇಳಿದವರು ಬಲ್ಲರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನ ಕಿಕ್ಕಿರಿದದ್ದು ಬರಿಯ ತಲೆದೂಗುವುದಕ್ಕಲ್ಲ. ಹೀಗಿರುವಾಗ, ಅಶ್ವತ್ಥರು ಹಳೆಯ ಪದಕ್ಕೆ ಹೊಸ ಧಾಟಿ ಕೊಟ್ಟದ್ದು ಸರಿ, ಅವರ ನಂತರದವರು ಕೊಟ್ಟದ್ದು ತಪ್ಪು ಎನ್ನುವುದಕ್ಕೆ ಯಾವ ಆಧಾರವಿದೆ?

ಇನ್ನೂ ಹಿಂದೆ ಹೋದರೂ ಇದೇ ಮಾತು. ಪಿ. ಕಾಳಿಂಗರಾಯರು (1914–1981) ನವೋದಯದ ಕವಿಗಳನ್ನು ಪುಸ್ತಕದಿಂದ ಎತ್ತಿ ಜನರ ಬಾಯಿಗೆ ಹಾಕಿದರು. ಅವರು ಹಾಡಿದಾಗ ಪಕ್ಕವಾದ್ಯದಲ್ಲಿ ಪಶ್ಚಿಮದ ವಾದ್ಯಗಳೂ ಇದ್ದವು. ನಮಗೆ ನೆರೆಯದಾದ ಗುಬ್ಬಿಯ ವೀರಣ್ಣನವರ ನಾಟಕ ಕಂಪನಿಯ ಪರಂಪರೆಯನ್ನು ನೋಡಿರಿ. ವೃತ್ತಿರಂಗಭೂಮಿಯ ಹಾಡುಗಳು ಪಾರ್ಸಿ, ಮರಾಠಿ, ಹಿಂದೂಸ್ಥಾನಿ ಮಟ್ಟುಗಳನ್ನು ಸಂಕೋಚವಿಲ್ಲದೆ ತೆಗೆದುಕೊಂಡು ಕನ್ನಡವನ್ನಾಗಿ ಮಾಡಿಕೊಂಡವು. ನಮ್ಮ ಅಜ್ಜಂದಿರು ಆ ಹಾಡುಗಳಿಗೆ ‘ಒನ್ಸ್ ಮೋರ್’ ಎಂದು ಕೂಗಿ ಕುಣಿದವರೇ. ಮುದುಕರಾದ ಮೇಲೆ ಅವರ ನೆನಪು ಆ ಹಾಡುಗಳನ್ನು ಶಾಸ್ತ್ರೀಯವನ್ನಾಗಿ ಮಾಡಿತು. ಇಂದಿನ ಅಬ್ಬರ ನಾಳೆಯ ಪರಂಪರೆಯಾಗುವುದು ಲೋಕರೂಢಿ. ಆದರೆ ಎಲ್ಲ ಅಬ್ಬರವೂ ಪರಂಪರೆಯಾಗುವುದಿಲ್ಲ. ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ತಿಳಿಯಲು ಒಂದು ಅಳತೆಗೋಲು ಬೇಕು.

ಆ ಅಳತೆಗೋಲನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟು ರಸಸಿದ್ಧಾಂತವನ್ನು ಕನ್ನಡದ ವಿದ್ಯಾರ್ಥಿಯ ಕೈಗೆಟುಕಿಸಿದರು. ಅದನ್ನು ಓದಿದವರಿಗೆಲ್ಲ ಗೊತ್ತಿರುವಂತೆ ಭರತಮುನಿ ಹೇಳಿದ ಸ್ಥಾಯೀಭಾವಗಳಲ್ಲಿ ‘ಉತ್ಸಾಹ’ವೂ ಒಂದು. ರತಿ, ಶೋಕಗಳ ಪಂಕ್ತಿಯಲ್ಲಿಯೇ ಅದಕ್ಕೂ ಮಣೆ ಹಾಕಿದೆ. ಅದು ಪಕ್ವವಾದರೆ ವೀರರಸವಾಗುತ್ತದೆ. ವೀರವೆಂದರೆ ಕತ್ತಿ ಝಳಪಿಸುವುದು ಮಾತ್ರವಲ್ಲ, ದಾನದಲ್ಲಿಯೂ ದಯೆಯಲ್ಲಿಯೂ ಧರ್ಮದಲ್ಲಿಯೂ ವೀರವುಂಟು. ಆದುದರಿಂದ, ಹುರುಪು ತುಂಬಿದ ಹಾಡಿನಲ್ಲಿ ಭಾವ ಕಡಿಮೆಯೆನ್ನುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಹುರುಪೇ ಒಂದು ಭಾವ. ಶೋಕದ ಹಾಡು ಕಣ್ಣಿನಲ್ಲಿ ನೀರು ತರಿಸಿದರೆ ಅದು ಭಾವ, ಉತ್ಸಾಹದ ಹಾಡು ಮೈ ಎಬ್ಬಿಸಿದರೆ ಅದು ಅಬ್ಬರ ಎಂದು ವಿಂಗಡಿಸುವುದು ಯಾವ ನ್ಯಾಯ?

ಆದರೆ ಅದೇ ಶಾಸ್ತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ಭಾವ ತಾನಾಗಿ ನಿಲ್ಲಲಾರದು. ಅದಕ್ಕೆ ಆಲಂಬನ ಬೇಕು, ಉದ್ದೀಪನ ಬೇಕು. ಯಾವುದನ್ನು ಕುರಿತು ಭಾವ ಹುಟ್ಟುತ್ತದೋ ಅದು ಆಲಂಬನ. ಹುಟ್ಟಿದ್ದನ್ನು ಕೆರಳಿಸುವುದು ಉದ್ದೀಪನ. ಬೆಳುದಿಂಗಳೂ ತಂಗಾಳಿಯೂ ಇದ್ದು ನಲ್ಲೆಯೇ ಇಲ್ಲದಿದ್ದರೆ ಶೃಂಗಾರವೆಲ್ಲಿ ಬಂತು? ಹಾಡಿಗೆ ಇದನ್ನು ಅನ್ವಯಿಸಿದರೆ, ಮದ್ದಳೆ, ಗಿಟಾರು, ವೇಗ ಇವೆಲ್ಲ ಉದ್ದೀಪನ. ಹಾಡಿನ ಮಾತು, ಆ ಮಾತು ಕಾಣಿಸುವ ವಸ್ತು ಆಲಂಬನ. ಹುರುಪಿನ ಹಾಡನ್ನು ಕೇಳಿದಾಗ ನಾವು ಕೇಳಬೇಕಾದ ಪ್ರಶ್ನೆ, ಇದರಲ್ಲಿ ಸದ್ದೆಷ್ಟು ಎಂಬುದಲ್ಲ; ಈ ಹುರುಪು ಯಾವುದಕ್ಕಾಗಿ ಎಂಬುದು. ಉತ್ತರ ದೊರೆತರೆ ಆ ಹಾಡು ಕಾವ್ಯ. ದೊರೆಯದಿದ್ದರೆ ಬೆಳುದಿಂಗಳು ಬರಿದೆ ಹಾಳಾಯಿತು.

ಈ ಅಳತೆಗೋಲಿನಿಂದ ಅಳೆದಾಗ ಸಂಪುಟದ ಹಾಡುಗಳೆಲ್ಲ ಒಂದೇ ಎತ್ತರಕ್ಕೆ ನಿಲ್ಲುವುದಿಲ್ಲ. ‘ಮೈಸೂರ್ ಸೆ ಆಯಿ’ ಎಂಬ ಹಾಡಿನ ಆಲಂಬನ ಮೈಸೂರಿನಿಂದ ಬಂದ ಹುಡುಗಿ. ಅದು ಯೌವನದ ಹಾಡು. ಅದರಲ್ಲಿ ಆಳವನ್ನು ಹುಡುಕುವುದೂ ತಪ್ಪು, ಇಲ್ಲವೆಂದು ದೂರುವುದೂ ತಪ್ಪು. ‘ಹೇ ಭಗವಾನ್’ ದೇವರೊಡನೆ ಮತ್ತೊಂದು ಬಾಳನ್ನು ಬೇಡುವ ಹಾಡು. ಬೇಡಿಕೆಯನ್ನು ಅಳುತ್ತ ಸಲ್ಲಿಸದೆ ನಗುತ್ತ ಸಲ್ಲಿಸುವ ಈ ರೀತಿ ನನಗೆ ಹಿಡಿಸಿತು. ಭಕ್ತನು ದೇವರ ಮುಂದೆ ದೀನನಾಗಿಯೇ ಇರಬೇಕೆಂಬ ನಿಯಮವಿಲ್ಲ. ಜಗಳವಾಡಿದ, ಗೇಲಿಮಾಡಿದ ಭಕ್ತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

‘ಸೋರುತಿಹುದು ಮನೆಯ ಮಾಳಿಗಿ’ ಮಾತ್ರ ಈ ಸಂಪುಟದ ಶಿಖರವೆಂದು ನನ್ನ ಮತ. ಅಜ್ಞಾನದಿಂದ ಮನೆಯ ಮಾಡು ಸೋರುತ್ತಿದೆ, ದುರಸ್ತಿ ಮಾಡುವವರಿಲ್ಲ ಎಂಬುದು ಅದರ ಹುರುಳು. ಅದನ್ನು ನಿಧಾನವಾಗಿ ಹಾಡಿದಾಗ ಕೇಳುವವನಿಗೆ ಪಶ್ಚಾತ್ತಾಪ ಹುಟ್ಟುತ್ತದೆ, ಇದೂ ಬೆಲೆಯುಳ್ಳದ್ದೇ. ಆದರೆ ಯೋಚಿಸಿ ನೋಡಿರಿ: ಮಳೆ ಸುರಿಯುತ್ತಿರುವಾಗ ಮಾಡು ಸೋರತೊಡಗಿದರೆ ಮನೆಯವರು ಕಣ್ಣು ಮುಚ್ಚಿ ತಲೆದೂಗುತ್ತ ಕುಳಿತಿರುತ್ತಾರೆಯೆ? ಒಬ್ಬ ಪಾತ್ರೆ ಹುಡುಕುತ್ತಾನೆ, ಒಬ್ಬ ಏಣಿ ತರುತ್ತಾನೆ, ಒಬ್ಬಳು ಹಾಸಿಗೆ ಎಳೆಯುತ್ತಾಳೆ. ಮನೆಯೆಲ್ಲ ಎದ್ದು ನಿಲ್ಲುತ್ತದೆ. ಈ ತುರ್ತು ಷರೀಫರ ಮಾತಿನಲ್ಲಿಯೇ ಇದೆ. ತಂಡದ ವೇಗ ಅದನ್ನು ಹೊರಗೆಳೆಯಿತು. ಇಲ್ಲಿ ಉದ್ದೀಪನ ಆಲಂಬನದ ಆಳಾಗಿ ದುಡಿದಿದೆ. ಹಳೆಯ ಮಾತಿನಲ್ಲಿ ಅಡಗಿದ್ದ ಅರ್ಥವೊಂದು ಹೊಸ ಲಯದಿಂದ ಬೆಳಕಿಗೆ ಬಂದರೆ ಅದು ವ್ಯಾಖ್ಯಾನವಲ್ಲದೆ ಮತ್ತೇನು? ಟೀಕೆಯನ್ನು ಗದ್ಯದಲ್ಲಿಯೇ ಬರೆಯಬೇಕೆಂದೇನೂ ಇಲ್ಲ.

‘ಗುಡುಗುಡಿ’ಯ ವಿಷಯದಲ್ಲಿ ನನಗೆ ಇಷ್ಟು ಸಮಾಧಾನವಿಲ್ಲ. ಮನಸ್ಸೇ ಸಂಚಿ, ಮೋಹವೇ ಸುಟ್ಟು ಬೂದಿಯಾಗಬೇಕಾದ ವಸ್ತು ಎಂಬ ರೂಪಕ ಮೆಟ್ಟಲು ಮೆಟ್ಟಲಾಗಿ ಏರುವ ಪದ ಅದು. ಒಂದೊಂದು ಮೆಟ್ಟಲಿನಲ್ಲಿಯೂ ಕೇಳುವವನು ತುಸು ನಿಲ್ಲಬೇಕು. ನಿಲ್ಲದೆ ಓಡಿದರೆ ಗುಡುಗುಡಿ ಗುಡುಗುಡಿಯಾಗಿಯೇ ಉಳಿದು, ಹೊಗೆ ಸೇದುವವರ ಮೋಜಿನ ಹಾಡಾಗಿಬಿಡುತ್ತದೆ. ನನ್ನ ಕಿವಿಗೆ ಇಲ್ಲಿ ತಂಡದ ಹುರುಪು ಪದದ ನಡಿಗೆಗಿಂತ ಮುಂದೆ ಹೋಯಿತು. ಹಾಡು ಕೇಳಿ ಕುಣಿದ ಎಷ್ಟು ಮಂದಿ ತರುಣರು ಅದರಲ್ಲಿ ಸುಡುತ್ತಿರುವುದು ಏನೆಂದು ಬಲ್ಲರೋ ಸಂದೇಹ. ಆದರೆ ಈ ದೋಷವನ್ನು ಹೇಳುವಾಗಲೂ ನಾನು ಬಳಸುತ್ತಿರುವುದು ಮೇಲಿನ ಅಳತೆಗೋಲನ್ನೇ. ವೇಗವಾಯಿತೆಂದು ನನ್ನ ದೂರಲ್ಲ. ಮಾತು ಹಿಂದುಳಿಯಿತೆಂದು ನನ್ನ ದೂರು.

2010ರಲ್ಲಿ ಈ ತಂಡ ಇಂಗ್ಲೆಂಡಿನ ಬಿ.ಬಿ.ಸಿ. ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ಎಂಬಾತ ನಡೆಸುವ ಸಂಗೀತ ಕಾರ್ಯಕ್ರಮದಲ್ಲಿ ಹಾಡಿತು. ಅದರ ಹಿಂದೆಯೇ ಈ ಸಂಪುಟ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಜಾಗತಿಕ ಸಂಗೀತದ ವಿಭಾಗದ ತುದಿಗೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಎಂಬ ಸಂಗೀತ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂದಿತು. ಇದನ್ನು ಕೇಳಿ ಹೆಮ್ಮೆಪಟ್ಟುಕೊಳ್ಳುವ ಮೊದಲು ಒಂದು ವಿಚಾರ. ಆಂಗ್ಲ ಶ್ರೋತೃಗಳು ಕನ್ನಡ ಬಲ್ಲವರಲ್ಲ. ಅವರಿಗೆ ಮುಟ್ಟಿದ್ದು ಉತ್ಸಾಹ, ಮಾಳಿಗೆಯಲ್ಲ. ಲಯಕ್ಕೆ ಕಡಲು ದಾಟುವ ಶಕ್ತಿಯಿದೆ, ಅರ್ಥಕ್ಕೆ ಅಷ್ಟಿಲ್ಲ. ಸಾಲ್ಸಾ ಲೋಕವನ್ನೆಲ್ಲ ಕುಣಿಸಿದಾಗಲೂ ಹೀಗೆಯೇ ಆಯಿತು; ಆ ಹಾಡುಗಳಲ್ಲಿದ್ದ ವಲಸೆಗಾರನ ಬಡತನ, ಜಗಳ, ಊರಿನ ಹಂಬಲ ಇವು ಸ್ಪ್ಯಾನಿಷ್ ಬಲ್ಲವರ ಪಾಲಿಗೆ ಮಾತ್ರ ಉಳಿದವು. ಹೀಗಿರುವಾಗ ಷರೀಫರ ಅರ್ಥವನ್ನು ಹೊತ್ತು ನಡೆಯುವ ಹೊಣೆ ಯಾರದು? ಲಂಡನ್ನಿನವರದಲ್ಲ, ಗಾಯಕನೊಬ್ಬನದೂ ಅಲ್ಲ. ಅದು ಕನ್ನಡ ಬಲ್ಲ ನಮ್ಮದು, ಅದರಲ್ಲಿಯೂ ಕನ್ನಡವನ್ನು ಪಾಠ ಹೇಳುವವರದು. ಕುಣಿಯುವ ಹುಡುಗನಿಗೆ ಅರ್ಥ ತಿಳಿಯದು ಎಂದು ಗೊಣಗುವ ಅಧ್ಯಾಪಕರು, ಅರ್ಥ ತಿಳಿಸುವ ಕೆಲಸ ಯಾರದಾಗಿತ್ತೆಂದು ತಮ್ಮನ್ನೇ ಕೇಳಿಕೊಳ್ಳಲಿ.

ನಮ್ಮ ತೆಂಗಿನ ಸೀಮೆಗೆ ಇದು ಇನ್ನೂ ಹೆಚ್ಚಾಗಿ ಸಂಬಂಧಿಸಿದ ಮಾತು. ಗ್ರಾಮದೇವತೆಯ ಹಬ್ಬದಲ್ಲಿ ಮರದಿಂದ ಕಡೆದ ದೊಡ್ಡ ಮುಖವಾಡಗಳನ್ನು ಹೊತ್ತು ಸೋಮನ ಕುಣಿತ ನಡೆಯುವ ನಾಡು ಇದು. ಅರೆ, ತಮಟೆ, ಡೋಲುಗಳ ಗತ್ತು ಇಲ್ಲಿನ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಪರಿಚಿತ. ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡುವ ಬಗೆಯನ್ನು ಎಲ್ಲರೂ ಬಲ್ಲರು. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ, ವರ್ಷದ ಹತ್ತಿರ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಗಡಗಡನೆ ಸದ್ದು ಮಾಡುತ್ತದೆ. ಸದ್ದು ಕೇಳಿದ ಮೇಲೆಯೇ ಅದು ಕೊಬ್ಬರಿಯಾಯಿತೆಂದು ರೈತನಿಗೆ ನೆಚ್ಚಿಕೆ. ಹಳೆಯ ಪದವೂ ಹೀಗೆಯೇ. ಬಹುಕಾಲ ಜನರ ಮನಸ್ಸಿನ ಅಟ್ಟದ ಮೇಲಿದ್ದು, ತನ್ನ ಮೊದಲ ಧಾಟಿಯ ಚಿಪ್ಪಿನಿಂದ ತಿರುಳು ಬಿಡಿಸಿಕೊಂಡ ಮೇಲೆ ಅದು ಯಾರು ಅಲ್ಲಾಡಿಸಿದರೂ ಸದ್ದು ಮಾಡುತ್ತದೆ. ಎಳೆಯ ಕಾಯಿಯನ್ನು ಎಷ್ಟು ಅಲ್ಲಾಡಿಸಿದರೂ ಆ ಸದ್ದು ಬಾರದು. ಷರೀಫರ ಪದ ಈ ಹುಡುಗರ ಕೈಯಲ್ಲಿ ಸದ್ದು ಮಾಡಿತೆಂದರೆ ಅದಕ್ಕೆ ಹುಡುಗರ ತೋಳ್ಬಲದಷ್ಟೇ ಪದದ ಪಕ್ವತೆಯೂ ಕಾರಣ.

ನಗರದ ತಂಡವೊಂದು ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಷರೀಫರನ್ನು ಹಾಡಿ ಲೋಕಮನ್ನಣೆ ಪಡೆಯಿತು. ಅದನ್ನು ನೋಡಿದ ನಮ್ಮ ಹಳ್ಳಿಯ ಹುಡುಗ, ತನ್ನ ತಂದೆಯ ತಮಟೆಗೂ ವೇದಿಕೆಯ ಮೇಲೆ ಎಡೆಯುಂಟೆಂದು ಮೊದಲ ಬಾರಿಗೆ ನಂಬಿದ. ನನ್ನ ದೃಷ್ಟಿಯಲ್ಲಿ ಈ ಗೀತಸಂಪುಟದ ದೊಡ್ಡ ಫಲ ಇದು. ಪ್ರಶಸ್ತಿಗಿಂತ, ಮಾರಾಟದ ಪಟ್ಟಿಗಿಂತ ದೊಡ್ಡದು. ಆ ನಂಬಿಕೆಯನ್ನು ನಾವು ‘ಅಬ್ಬರ’ ಎಂಬ ಒಂದು ಮಾತಿನಿಂದ ಮುರಿದರೆ ಅವನು ತಮಟೆಯನ್ನು ಮೂಲೆಗಿಡುತ್ತಾನೆ. ತಂದೆಯ ಕಾಲಕ್ಕೆ ಅದು ಹಬ್ಬದ ಕರ್ತವ್ಯವಾಗಿತ್ತು. ಮಗನ ಕಾಲಕ್ಕೆ ಅದು ಕಲೆಯಾಗಬೇಕಾದರೆ ವೇದಿಕೆ ಬೇಕು, ಮರ್ಯಾದೆ ಬೇಕು, ಸಂಭಾವನೆಯೂ ಬೇಕು. ಇವಾವುದನ್ನೂ ಕೊಡದೆ ಜಾನಪದ ನಶಿಸುತ್ತಿದೆ ಎಂದು ವಿಚಾರಸಂಕಿರಣಗಳಲ್ಲಿ ಮರುಗುವುದು ಬರಿಯ ಉಪಚಾರ.

ನಾನು ಅಧ್ಯಾಪಕ ಮಿತ್ರರಲ್ಲಿ ಬೇಡುವುದು ದೊಡ್ಡದೇನೂ ಅಲ್ಲ. ಷರೀಫರ ಪದವನ್ನು ಪಾಠ ಮಾಡುವ ದಿನ ಅದರ ಮೂರು ನಾಲ್ಕು ಧಾಟಿಗಳನ್ನು ತರಗತಿಯಲ್ಲಿ ಕೇಳಿಸಿರಿ: ಭಜನೆಯವರದು, ಅಶ್ವತ್ಥರದು, ಈ ತಂಡದ್ದು. ಪ್ರತಿಯೊಂದು ಧಾಟಿಯಲ್ಲಿಯೂ ಯಾವ ಮಾತು ಮುಂದೆ ಬಂತು, ಯಾವುದು ಹಿಂದೆ ಸರಿಯಿತು ಎಂದು ವಿದ್ಯಾರ್ಥಿಗಳೇ ಹೇಳಲಿ. ಒಂದು ಗಂಟೆಯ ಈ ಕೆಲಸದಲ್ಲಿ ಅವರು ಆಲಂಬನ, ಉದ್ದೀಪನಗಳನ್ನು ಪರೀಕ್ಷೆಗಾಗಿ ಉರುಹೊಡೆದುದಕ್ಕಿಂತ ಚೆನ್ನಾಗಿ ಕಲಿಯುತ್ತಾರೆ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಸದ್ದನ್ನು ಅಳೆಯುವ ಬದಲು, ಮಾತು ಸ್ಪಷ್ಟವಾಗಿ ಕೇಳಿಸಿತೆ, ಲಯ ಅದಕ್ಕೆ ಒಪ್ಪಿತೆ ಎಂಬ ಎರಡನ್ನು ನೋಡಲಿ. ಆಗ ಸೋತ ಹುಡುಗನಿಗೂ ತಾನು ಏಕೆ ಸೋತೆನೆಂದು ತಿಳಿಯುತ್ತದೆ.

ತರುಣರಿಗೂ ಒಂದು ಮಾತು. ನಿಮ್ಮ ಹುರುಪನ್ನು ಯಾರಾದರೂ ಹಗುರವೆಂದರೆ ಎದೆಗುಂದಬೇಡಿ. ಆದರೆ ಆ ಹುರುಪು ಯಾವುದಕ್ಕಾಗಿ ಎಂದು ಕೇಳಿದರೆ ಉತ್ತರ ಸಿದ್ಧವಿರಲಿ. ಬಾಯಲ್ಲಿ ಹಾಡುತ್ತಿರುವ ಮಾತಿನ ಅರ್ಥವನ್ನು ಕೈಯಲ್ಲಿ ಬಾರಿಸುವವನೂ ಬಲ್ಲವನಾ­ಗಿರಲಿ. ಅಷ್ಟಾದರೆ, ಸಭೆ ಕುಳಿತು ಕೇಳಿತೋ ಎದ್ದು ನಿಂತು ಕೇಳಿತೋ ಎಂಬುದು ಕುರ್ಚಿ ಹಾಕುವವರ ಚಿಂತೆ, ಕಾವ್ಯದ ಚಿಂತೆಯಲ್ಲ.